ನೆಲೆ ಕಟ್ಟುವ ಆಟಗಳಲ್ಲಿ ಸಂಪನ್ಮೂಲ ಉತ್ಪಾದನೆ ಮತ್ತು ಸಂಗ್ರಹ ಮಿತಿ

ಸಂಪನ್ಮೂಲ ಉತ್ಪಾದನೆ ಮತ್ತು ಸಂಗ್ರಹ ಮಿತಿ ಎಂಬುದು ನೆಲೆ ಕಟ್ಟುವ ತಂತ್ರಗಾರಿಕೆಯ ಗಣಕ ಆಟಗಳಲ್ಲಿ ಮರ, ಲೋಹ, ಧಾನ್ಯ, ಚಿನ್ನ ಮುಂತಾದ ಸರಕು ಎಷ್ಟು ವೇಗವಾಗಿ ಹುಟ್ಟುತ್ತದೆ, ಹುಟ್ಟಿದ್ದರಲ್ಲಿ ಎಷ್ಟನ್ನು ಕೂಡಿಡಬಹುದು ಎಂಬುದನ್ನು ಗೊತ್ತುಮಾಡುವ ಜೋಡಿ ನಿಯಮ. ಮೊದಲನೆಯದು ಗಂಟೆಗೆ ಇಷ್ಟು ಎಂದು ಎಣಿಸುವ ದರ. ಎರಡನೆಯದು ಯಾವುದೇ ಹೊತ್ತಿನಲ್ಲಿ ಕೈಯಲ್ಲಿರಬಹುದಾದ ಗರಿಷ್ಠ ಮೊತ್ತ. ಗಣಿ, ಹೊಲ, ಮರ ಕಡಿಯುವ ತಾಣಗಳು ದರವನ್ನು ಏರಿಸುತ್ತವೆ. ಉಗ್ರಾಣ, ಕಣಜ, ತೊಟ್ಟಿಗಳು ಮೊತ್ತವನ್ನು ಏರಿಸುತ್ತವೆ.

ಇವೆರಡನ್ನು ಬಿಡಿಬಿಡಿಯಾಗಿ ನೋಡಿದರೆ ಆಟದ ನಡೆ ತಿಳಿಯುವುದಿಲ್ಲ. ದರವೊಂದೇ ಇದ್ದಿದ್ದರೆ ಕಾದು ಕುಳಿತವನು ಏನನ್ನಾದರೂ ಕೊಳ್ಳಬಹುದಿತ್ತು. ಮಿತಿ ಇರುವುದರಿಂದ ಕಾಯುವುದಕ್ಕೂ ಒಂದು ಕೊನೆ ಬರುತ್ತದೆ. ಆಟಗಾರ ನಿದ್ದೆಯಲ್ಲಿರುವಾಗಲೂ ಲೋಕ ನಡೆಯುತ್ತಿರುವ ಬ್ರೌಸರ್ ಮತ್ತು ಮೊಬೈಲ್ ಆಟಗಳಲ್ಲಿ ಈ ನಿಯಮದ ಪರಿಣಾಮ ಅತಿ ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಓಗೇಮ್, ಟ್ರೈಬಲ್ ವಾರ್ಸ್, ಟ್ರಾವಿಯನ್ ಮತ್ತು ಕ್ಲಾಷ್ ಆಫ್ ಕ್ಲಾನ್ಸ್ ಆಟಗಳಿಗೆ ಹೆಚ್ಚು ಜಾಗ ಕೊಡಲಾಗಿದೆ.

ಪರಿಭಾಷೆ

ಒಂದು ಕಟ್ಟಡ ಒಂದು ಗಂಟೆಯಲ್ಲಿ ಕೊಡುವ ಸರಕಿನ ಪ್ರಮಾಣ ‘ಉತ್ಪಾದನಾ ದರ’. ಕೂಡಿಡಬಹುದಾದ ಗರಿಷ್ಠ ಪ್ರಮಾಣ ‘ಸಂಗ್ರಹ ಮಿತಿ’. ಬರಿದಾದ ಸಂಗ್ರಹ ಪೂರ್ತಿ ತುಂಬಲು ಹಿಡಿಯುವ ಕಾಲ ‘ತುಂಬುವ ಅವಧಿ’. ಮಿತಿಯನ್ನು ದರದಿಂದ ಭಾಗಿಸಿದರೆ ಇದು ಸಿಗುತ್ತದೆ. ಮಿತಿ ಮುಟ್ಟಿದ ಮೇಲೆ ಹುಟ್ಟದೆ ಉಳಿದ ಅಥವಾ ಹುಟ್ಟಿಯೂ ಕೈಸೇರದ ಸರಕು ‘ಚೆಲ್ಲು ನಷ್ಟ’. ಕಟ್ಟಡವನ್ನು ಮುಂದಿನ ಹಂತಕ್ಕೆ ಏರಿಸುವುದಕ್ಕೆ ಆಟಗಾರರು ‘ಅಪ್‌ಗ್ರೇಡ್’ ಎನ್ನುತ್ತಾರೆ. ಇಲ್ಲಿ ‘ಹಂತ ಏರಿಕೆ’ ಎಂದಿದೆ. ಧಾನ್ಯ ಕೂಡಿಡುವ ಕಟ್ಟಡಕ್ಕೆ ‘ಕಣಜ’, ಉಳಿದ ಸರಕಿನ ಕಟ್ಟಡಕ್ಕೆ ‘ಉಗ್ರಾಣ’ ಎಂಬ ಭೇದವನ್ನು ಉದ್ದಕ್ಕೂ ಪಾಲಿಸಲಾಗಿದೆ. ಟ್ರಾವಿಯನ್ ಆಟವೂ ಇವೆರಡನ್ನು ಬೇರೆ ಬೇರೆ ಕಟ್ಟಡಗಳಾಗಿಯೇ ಇಟ್ಟಿದೆ.

ದಾಳಿಯಲ್ಲಿ ಕಸಿದ ಸರಕಿಗೆ ಕನ್ನಡದ ಆಟಗಾರರು ಬಳಸುವ ಮಾತು ‘ಲೂಟ್’. ಇಂಗ್ಲಿಷಿನ ಆ ಪದವೇ ಹಿಂದಿಯಿಂದ ಹೋದದ್ದು. ಕನ್ನಡದ ‘ಲೂಟಿ’ ಅದರ ಬಳಗದ್ದು. ಕೊಳ್ಳೆಗಾರರಿಗೆ ಸಿಗದಂತೆ ಸರಕಿನ ಒಂದು ಪಾಲನ್ನು ಬಚ್ಚಿಡುವ ಕಟ್ಟಡವನ್ನು ಇಲ್ಲಿ ‘ಹಗೇವು’ ಎಂದು ಕರೆಯಲಾಗಿದೆ. ಕರ್ನಾಟಕದ ಹಳ್ಳಿಗಳಲ್ಲಿ ಜೋಳ, ರಾಗಿಯನ್ನು ನೆಲದಡಿ ಕೂಡಿಡುತ್ತಿದ್ದ ಗುಂಡಿಗೆ ಇರುವ ಹೆಸರು ಅದು. ಆಟದಲ್ಲಿ ಆ ಕಟ್ಟಡ ಮಾಡುವ ಕೆಲಸಕ್ಕೆ ಇಷ್ಟು ಹೊಂದುವ ಬೇರೆ ಪದ ಕನ್ನಡದಲ್ಲಿಲ್ಲ.

ಹುಟ್ಟು ಮತ್ತು ಬೆಳವಣಿಗೆ

ಬೆಳೆದದ್ದನ್ನು ತಿನ್ನಬೇಕೆ, ಬಿತ್ತಬೇಕೆ, ಕೂಡಿಡಬೇಕೆ ಎಂಬ ಪ್ರಶ್ನೆ ಗಣಕ ಆಟಗಳ ಬಾಲ್ಯದಷ್ಟೇ ಹಳೆಯದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಶಾಲಾ ಶಿಕ್ಷಕಿ ಮೇಬಲ್ ಆಡಿಸ್ 1964ರಲ್ಲಿ ಮಕ್ಕಳಿಗಾಗಿ ರೂಪಿಸಿದ ‘ದ ಸುಮೇರಿಯನ್ ಗೇಮ್’ನಲ್ಲಿ ವಿದ್ಯಾರ್ಥಿ ಪ್ರಾಚೀನ ಲಗಾಶ್ ನಗರದ ಅರಸ. ಪ್ರತಿ ಸುಗ್ಗಿಯ ಧಾನ್ಯವನ್ನು ಪ್ರಜೆಗಳ ಹೊಟ್ಟೆಗೆ, ಬಿತ್ತನೆಗೆ, ಕಣಜಕ್ಕೆ ಎಂದು ಹಂಚುವುದೇ ಅವನ ಕೆಲಸ. ಈ ಆಟದ ಪ್ರೇರಣೆಯಿಂದ 1968ರಲ್ಲಿ ಡಗ್ ಡೈಮೆಂಟ್ ಬರೆದ, ಮುಂದೆ ‘ಹಮುರಾಬಿ’ ಎಂದು ಹೆಸರಾದ ಆಟದಲ್ಲಿ ಕೂಡಿಟ್ಟ ಧಾನ್ಯವನ್ನು ಇಲಿಗಳು ತಿಂದುಹಾಕುತ್ತಿದ್ದವು. ಅಂಕಿಯ ರೂಪದ ಮಿತಿ ಇನ್ನೂ ಬಂದಿರಲಿಲ್ಲ, ಆದರೆ ಕೂಡಿಡುವುದಕ್ಕೂ ಬೆಲೆ ತೆರಬೇಕೆಂಬ ತತ್ತ್ವ ಅಲ್ಲಿಯೇ ಇದೆ.

ಕಟ್ಟಡದ ರೂಪದಲ್ಲಿ ಸಂಗ್ರಹ ಮಿತಿಯನ್ನು ಬಹು ಜನರಿಗೆ ಪರಿಚಯಿಸಿದ್ದು ವೆಸ್ಟ್‌ವುಡ್ ಸ್ಟುಡಿಯೋಸ್ 1992ರಲ್ಲಿ ಹೊರತಂದ ‘ಡ್ಯೂನ್ 2’. ಮರಳುಗಾಡಿನಿಂದ ‘ಸ್ಪೈಸ್’ ಎಂಬ ದ್ರವ್ಯವನ್ನು ಯಂತ್ರವೊಂದು ಬಳಿದು ತಂದು ಶುದ್ಧೀಕರಣ ಘಟಕಕ್ಕೆ ಸುರಿಯುತ್ತದೆ. ಘಟಕದಲ್ಲೂ ‘ಸೈಲೋ’ ಎಂಬ ತೊಟ್ಟಿಗಳಲ್ಲೂ ಜಾಗವಿಲ್ಲದಿದ್ದರೆ ತಂದದ್ದು ವ್ಯರ್ಥ. ಒಂದು ಸೈಲೋದ ಅಳತೆ 1,000. ಅದೇ ಸಂಸ್ಥೆಯ 1995ರ ‘ಕಮಾಂಡ್ ಅಂಡ್ ಕಾಂಕರ್’ ಇದನ್ನು ಮುಂದುವರಿಸಿತು. ಅದರಲ್ಲಿ ತೊಟ್ಟಿ ನಾಶವಾದರೆ ಒಳಗಿದ್ದ ಸರಕೂ ಹೋಗುತ್ತದೆ. 2000ದ ‘ರೆಡ್ ಅಲರ್ಟ್ 2’ ತೊಟ್ಟಿಗಳನ್ನು ಕೈಬಿಟ್ಟಿತು, 2007ರ ‘ಕಮಾಂಡ್ ಅಂಡ್ ಕಾಂಕರ್ 3’ ಮತ್ತೆ ತಂದಿತು.

ಎಲ್ಲ ಆಟಗಳೂ ಈ ದಾರಿ ಹಿಡಿಯಲಿಲ್ಲ. 1997ರ ‘ಏಜ್ ಆಫ್ ಎಂಪೈರ್ಸ್’ನಲ್ಲಿ ಕಣಜವೂ ಇದೆ, ಉಗ್ರಾಣದ ಗುಂಡಿಯೂ ಇದೆ, ಆದರೆ ಅವು ಆಳುಗಳು ಹೊರೆ ಇಳಿಸುವ ಜಾಗಗಳು ಮಾತ್ರ. ಎಷ್ಟು ತಂದರೂ ಹಿಡಿಸುತ್ತದೆ. ಹೆಸರು ನೋಡಿ ಅವನ್ನು ಸಂಗ್ರಹ ಮಿತಿಯ ಕಟ್ಟಡಗಳೆಂದು ಎಣಿಸಬಾರದು. ‘ಸ್ಟಾರ್‌ಕ್ರಾಫ್ಟ್’ (1998) ಕೂಡ ಖನಿಜಕ್ಕೆ ಮಿತಿ ಹಾಕದೆ ಸೈನ್ಯದ ಗಾತ್ರಕ್ಕೆ 200ರ ಮಿತಿ ಹಾಕಿತು. ಇದಕ್ಕೆ ವಿರುದ್ಧ ತುದಿಯಲ್ಲಿರುವುದು ಕ್ರಿಸ್ ಟೇಲರ್ ರೂಪಿಸಿದ 1997ರ ‘ಟೋಟಲ್ ಅನಿಹಿಲೇಶನ್’. ಅದರಲ್ಲಿ ಲೋಹ ಮತ್ತು ಶಕ್ತಿ ಕಾಲುವೆಯ ನೀರಿನಂತೆ ಎಡೆಬಿಡದೆ ಬರುತ್ತವೆ, ಎಡೆಬಿಡದೆ ಖರ್ಚಾಗುತ್ತವೆ. ಸಂಗ್ರಹ ತುಂಬಿದರೆ ಬಂದದ್ದೆಲ್ಲ ಚೆಲ್ಲುತ್ತದೆ, ಬರಿದಾದರೆ ನಡೆಯುತ್ತಿರುವ ಎಲ್ಲ ಕಟ್ಟಡ ಕೆಲಸವೂ ನಿಧಾನವಾಗುತ್ತದೆ.

ದಿನಗಟ್ಟಲೆ, ತಿಂಗಳುಗಟ್ಟಲೆ ನಿಲ್ಲದೆ ನಡೆಯುವ ಬ್ರೌಸರ್ ಆಟಗಳು ಜರ್ಮನಿಯಲ್ಲಿ ಬೆಳೆದವು: 2002ರ ಓಗೇಮ್, 2003ರ ಟ್ರೈಬಲ್ ವಾರ್ಸ್, 2004ರ ಟ್ರಾವಿಯನ್. ಫಿನ್ಲೆಂಡಿನ ಹೆಲ್ಸಿಂಕಿಯ ಸೂಪರ್‌ಸೆಲ್ ಸಂಸ್ಥೆ 2012ರ ಆಗಸ್ಟ್ 2ರಂದು ಐಫೋನ್ ಮತ್ತು ಐಪ್ಯಾಡ್‌ಗಳಿಗೆ, ಮರುವರ್ಷ ಆಂಡ್ರಾಯ್ಡ್‌ಗೆ ತಂದ ಕ್ಲಾಷ್ ಆಫ್ ಕ್ಲಾನ್ಸ್ ಈ ಲೆಕ್ಕಾಚಾರವನ್ನು ಜೇಬಿನ ಫೋನಿಗೆ ಇಳಿಸಿತು.

ಉತ್ಪಾದನೆಯ ರಚನೆ

ಸರಕು ಎರಡು ಬಗೆಯಲ್ಲಿ ಬರುತ್ತದೆ. ಆಳು ಅಥವಾ ಯಂತ್ರ ಹೋಗಿ ಹೊತ್ತು ತರುವುದು ಒಂದು; ಇದರಲ್ಲಿ ದಾರಿಯ ಉದ್ದ, ಆಳುಗಳ ಸಂಖ್ಯೆ, ಶತ್ರುವಿನ ಕಾಟ ಎಲ್ಲವೂ ದರವನ್ನು ಬದಲಿಸುತ್ತವೆ. ಕಟ್ಟಡ ತಾನಾಗಿ ಗಂಟೆಗಿಷ್ಟು ಕೊಡುವುದು ಇನ್ನೊಂದು. ಬ್ರೌಸರ್ ಮತ್ತು ಮೊಬೈಲ್ ಆಟಗಳೆಲ್ಲ ಹೆಚ್ಚಾಗಿ ಎರಡನೆಯ ಬಗೆಯವು. ಆಟಗಾರ ಇಲ್ಲದಾಗಲೂ ಲೆಕ್ಕ ನಡೆಯಬೇಕಾದುದರಿಂದ ಇವು ನಿಶ್ಚಿತ ಸೂತ್ರವನ್ನು ಆಧರಿಸುತ್ತವೆ.

ಓಗೇಮ್‌ನ ಲೋಹದ ಗಣಿ ಇದಕ್ಕೆ ಒಳ್ಳೆಯ ಮಾದರಿ. ಗಣಿಯ ಹಂತವನ್ನು 30ರಿಂದ ಗುಣಿಸಿ, 1.1ರ ಅಷ್ಟೇ ಘಾತದಿಂದ ಮತ್ತೆ ಗುಣಿಸಿದರೆ ಗಂಟೆಯ ಉತ್ಪತ್ತಿ ಬರುತ್ತದೆ. 10ನೇ ಹಂತದಲ್ಲಿ ಅದು ಸುಮಾರು 778, 20ನೇ ಹಂತದಲ್ಲಿ ಸುಮಾರು 4,036. ಹಂತ ಏರಿಕೆಯ ಬೆಲೆಯಾದರೋ ಪ್ರತಿ ಹಂತಕ್ಕೂ ಒಂದೂವರೆ ಪಟ್ಟಾಗುತ್ತದೆ: ಮೊದಲ ಹಂತಕ್ಕೆ 60 ಲೋಹ, 10ನೆಯದಕ್ಕೆ ಸುಮಾರು 2,306, 20ನೆಯದಕ್ಕೆ ಸುಮಾರು 1,33,000. ಹತ್ತರಿಂದ ಇಪ್ಪತ್ತಕ್ಕೆ ಹೋಗುವಾಗ ದರ ಐದು ಪಟ್ಟು ಏರಿದರೆ ಬೆಲೆ ಸುಮಾರು ಐವತ್ತೆಂಟು ಪಟ್ಟು ಏರಿರುತ್ತದೆ. 10ನೇ ಹಂತದ ಬೆಲೆಯ ಲೋಹವನ್ನು ಆ ಹಂತದ ಗಣಿ 3 ಗಂಟೆಯಲ್ಲಿ ಕೊಡುತ್ತದೆ; 20ನೇ ಹಂತದ ಬೆಲೆಗೆ ಆ ಹಂತದ ಗಣಿಯೇ 33 ಗಂಟೆ ದುಡಿಯಬೇಕು. ಆಟ ಮುಂದುವರಿದಂತೆ ನಿಧಾನವಾಗುತ್ತದೆ ಎಂಬ ಅನುಭವದ ಮೂಲ ಇದೇ ಅಂತರ.

ದರವನ್ನು ಕೆಳಗೆಳೆಯುವ ಸಂಗತಿಗಳೂ ಇರುತ್ತವೆ. ಓಗೇಮ್‌ನ ಗಣಿಗಳಿಗೆ ವಿದ್ಯುತ್ ಬೇಕು. ಕೊರತೆಯಾದರೆ ಅದೇ ಪ್ರಮಾಣದಲ್ಲಿ ಉತ್ಪತ್ತಿ ಇಳಿಯುತ್ತದೆ. ಡ್ಯುಟೀರಿಯಂ ಎಂಬ ಇಂಧನ ತಣ್ಣನೆಯ ಗ್ರಹಗಳಲ್ಲಿ ಹೆಚ್ಚು, ಬಿಸಿ ಗ್ರಹಗಳಲ್ಲಿ ಕಡಿಮೆ ಸಿಗುತ್ತದೆ. ಟ್ರಾವಿಯನ್‌ನಲ್ಲಿ ಮರ, ಜೇಡಿ, ಕಬ್ಬಿಣ ಬಂದಷ್ಟೂ ಉಳಿತಾಯ, ಧಾನ್ಯ ಹಾಗಲ್ಲ. ಹಳ್ಳಿಯ ಜನ ಮತ್ತು ಸೈನಿಕರು ಪ್ರತಿ ಗಂಟೆಯೂ ತಿನ್ನುತ್ತಾರೆ, ಆದ್ದರಿಂದ ಧಾನ್ಯದ ನಿವ್ವಳ ದರ ಸೊನ್ನೆಯ ಕೆಳಗೂ ಹೋಗಬಲ್ಲದು. ಆಗ ಕಣಜ ಕರಗುತ್ತಾ ಬಂದು, ಬರಿದಾದ ಮೇಲೆ ಸೈನಿಕರು ಹಸಿವಿನಿಂದ ಸಾಯುತ್ತಾರೆ. ದೊಡ್ಡ ಸೈನ್ಯದ ಒಡೆಯನಿಗೆ ಕಣಜದ ಅಳತೆ ಸೈನ್ಯ ಇನ್ನೆಷ್ಟು ಗಂಟೆ ಬದುಕುತ್ತದೆ ಎಂಬುದರ ಅಳತೆಯೂ ಹೌದು.

ಸಂಗ್ರಹ ಮಿತಿಯ ಬಗೆಗಳು

ಡ್ಯೂನ್ 2ರಂತೆ ಒಂದೇ ಸರಕು ಇರುವಲ್ಲಿ ಮಿತಿಯೂ ಒಂದೇ. ಟ್ರೈಬಲ್ ವಾರ್ಸ್‌ನಲ್ಲಿ ಒಂದೇ ಉಗ್ರಾಣ ಮರ, ಜೇಡಿ, ಕಬ್ಬಿಣ ಮೂರಕ್ಕೂ ತಲಾ ಅಷ್ಟೇ ಮಿತಿ ಕೊಡುತ್ತದೆ. ಒಂದು ತುಂಬಿದರೂ ಇನ್ನೊಂದಕ್ಕೆ ಜಾಗ ಕಡಿಮೆಯಾಗದು. ಓಗೇಮ್‌ನಲ್ಲಿ ಲೋಹ, ಸ್ಫಟಿಕ, ಡ್ಯುಟೀರಿಯಂಗಳಿಗೆ ಮೂರು ಬೇರೆ ಕಟ್ಟಡ.

ಕ್ಲಾಷ್ ಆಫ್ ಕ್ಲಾನ್ಸ್‌ನ ಮಿತಿ ಎರಡು ಹಂತದ್ದು. ಚಿನ್ನದ ಗಣಿಗೂ ‘ಎಲಿಕ್ಸಿರ್’ ಎಂಬ ಇನ್ನೊಂದು ಸರಕನ್ನು ಎತ್ತುವ ಯಂತ್ರಕ್ಕೂ ತಮ್ಮದೇ ಚಿಕ್ಕ ಹೊಟ್ಟೆಗಳಿವೆ. ಆಟಗಾರ ಬಂದು ಬೆರಳಿಟ್ಟಾಗ ಅವುಗಳಲ್ಲಿ ಸೇರಿದ ಸರಕು ದೊಡ್ಡ ಉಗ್ರಾಣಕ್ಕೆ ಹೋಗುತ್ತದೆ. ಬಾರದಿದ್ದರೆ ಗಣಿ ತುಂಬಿ ನಿಲ್ಲುತ್ತದೆ. ಉಗ್ರಾಣ ತುಂಬಿದ್ದರೆ ಹಿಡಿಸಿದಷ್ಟೇ ಹೋಗಿ, ಉಳಿದದ್ದು ಗಣಿಯಲ್ಲೇ ಇರುತ್ತದೆ. ಮೊದಲ ಹಂತದ ಗಣಿ ಗಂಟೆಗೆ 200 ಚಿನ್ನ ಕೊಡುತ್ತದೆ, ಮೊದಲ ಹಂತದ ಉಗ್ರಾಣ 1,500 ಹಿಡಿಯುತ್ತದೆ. ಕಟ್ಟಬಹುದಾದ ಗಣಿ, ಉಗ್ರಾಣಗಳ ಸಂಖ್ಯೆಯನ್ನೂ ಅವುಗಳ ಗರಿಷ್ಠ ಹಂತವನ್ನೂ ಊರಿನ ನಡುವಿನ ಟೌನ್ ಹಾಲ್‌ನ ಹಂತ ನಿರ್ಧರಿಸುತ್ತದೆ.

ಮಿತಿ ಮುಟ್ಟಿದಾಗ ಏನಾಗುತ್ತದೆ ಎಂಬುದರಲ್ಲೂ ಭೇದವಿದೆ. ಓಗೇಮ್‌ನಲ್ಲಿ ಗಣಿ ಮಾತ್ರ ನಿಲ್ಲುತ್ತದೆ. ನೌಕಾಪಡೆ ಹೊರಗಿನಿಂದ ತಂದ ಸರಕು ಮಿತಿ ಮೀರಿಯೂ ಗ್ರಹದಲ್ಲಿ ಉಳಿಯುತ್ತದೆ. ಇದನ್ನು ‘ಸಡಿಲ ಮಿತಿ’ ಎನ್ನಬಹುದು. ಟ್ರಾವಿಯನ್‌ನ ಮಿತಿ ಕಟ್ಟುನಿಟ್ಟಿನದು. ವ್ಯಾಪಾರಿಗಳು ಹೊತ್ತು ತಂದದ್ದಾದರೂ ಜಾಗ ಇಲ್ಲದಿದ್ದರೆ ನಷ್ಟವೇ. ಟ್ರಾವಿಯನ್‌ನಲ್ಲಿ ಉಗ್ರಾಣವೇ ಇಲ್ಲದ ಹಳ್ಳಿ ಪ್ರತಿ ಸರಕನ್ನು 800ರವರೆಗೆ ಹಿಡಿಯುತ್ತದೆ. ಮೊದಲ ಹಂತದ ಉಗ್ರಾಣದಿಂದ 1,200, ಇಪ್ಪತ್ತನೆಯದರಿಂದ 80,000. ಕೊನೆಯ ಘಟ್ಟದ ‘ಜಗದದ್ಭುತ’ವನ್ನು ಕಟ್ಟಲು ಇಷ್ಟು ಸಾಲದಾದ್ದರಿಂದ ಮೂರು ಪಟ್ಟು ಹಿಡಿಯುವ ಮಹಾ ಉಗ್ರಾಣ, ಮಹಾ ಕಣಜಗಳಿವೆ. ಓಗೇಮ್‌ನಲ್ಲಿ ಉಗ್ರಾಣವಿಲ್ಲದ ಮಿತಿ 10,000. ಮುಂದೆ 20,000, 40,000, 75,000, 1,40,000, 2,55,000 ಎಂದು ಹಂತಕ್ಕೆ ಸುಮಾರು 1.8 ಪಟ್ಟಿನಂತೆ ಬೆಳೆಯುತ್ತದೆ.

ತುಂಬುವ ಅವಧಿ

ದರ ಮತ್ತು ಮಿತಿಯ ಸಂಬಂಧ ಒಂದೇ ಅಂಕಿಯಲ್ಲಿ ಕಾಣುವುದು ತುಂಬುವ ಅವಧಿಯಲ್ಲಿ. ಸಾಮಾನ್ಯ ವೇಗದ ಟ್ರೈಬಲ್ ವಾರ್ಸ್ ಲೋಕದಲ್ಲಿ ಮೊದಲ ಹಂತದ ಗಣಿ ಗಂಟೆಗೆ 30, ಮೊದಲ ಹಂತದ ಉಗ್ರಾಣ 1,000. ತುಂಬಲು 33 ಗಂಟೆ. ಮೂವತ್ತನೆಯ, ಅಂದರೆ ಕೊನೆಯ ಹಂತದಲ್ಲಿ ಗಣಿ 2,400, ಉಗ್ರಾಣ 4,00,000. ತುಂಬಲು ಸುಮಾರು 167 ಗಂಟೆ, ಒಂದು ವಾರಕ್ಕೆ ತುಸು ಕಡಿಮೆ. ಗಣಿಯ ದರ ಹಂತಕ್ಕೆ ಸುಮಾರು ಶೇ. 16ರಷ್ಟು, ಉಗ್ರಾಣದ ಮಿತಿ ಸುಮಾರು ಶೇ. 23ರಷ್ಟು ಬೆಳೆಯುವುದರಿಂದ ಈ ಹಿಗ್ಗುವಿಕೆ. ಹತ್ತಾರು ಹಳ್ಳಿಗಳನ್ನು ಗೆದ್ದ ಆಟಗಾರ ಪ್ರತಿಯೊಂದನ್ನೂ ದಿನಕ್ಕೆ ನಾಲ್ಕು ಸಲ ನೋಡಲಾರ. ಈ ಲೆಕ್ಕ ಅವನಿಗೆ ವಾರಕ್ಕೊಮ್ಮೆ ಬಂದರೂ ಸಾಕೆಂಬ ಬಿಡುವು ಕೊಡುತ್ತದೆ.

ಕಟ್ಟಡಗಳನ್ನು ಸಮತೂಕದಲ್ಲಿ ಏರಿಸದವನಿಗೆ ಆ ಬಿಡುವು ಸಿಗುವುದಿಲ್ಲ. ಓಗೇಮ್‌ನಲ್ಲಿ ಉಗ್ರಾಣ ಕಟ್ಟದೆ ಲೋಹದ ಗಣಿಯನ್ನು ಹತ್ತನೇ ಹಂತಕ್ಕೆ ಒಯ್ದರೆ 10,000ದ ಮಿತಿ 13 ಗಂಟೆಯೊಳಗೆ ತುಂಬುತ್ತದೆ. ಸಂಜೆ ಖರ್ಚು ಮಾಡಿ ಮಲಗಿ ಬೆಳಿಗ್ಗೆ ಬರುವವನಿಗೆ ಅದು ಸಾಕು, ಒಂದು ದಿನ ಬಿಟ್ಟು ಬರುವವನಿಗೆ ಅರ್ಧ ದಿನದ ದುಡಿಮೆ ಇಲ್ಲ. ಹಾಗಾಗಿ ಅನುಭವಿಗಳು ಉಗ್ರಾಣದ ಹಂತವನ್ನು ಗಣಿಯ ಹಂತಕ್ಕಿಂತ ತಾವು ಎಷ್ಟು ಹೊತ್ತು ಆಟದಿಂದ ದೂರ ಇರುತ್ತಾರೆ ಎಂಬುದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಬೆಲೆಯ ಮೇಲೆ ಮಿತಿಯ ಹಿಡಿತ

ಮಿತಿ ಕಟ್ಟುನಿಟ್ಟಾಗಿದ್ದು ಬೆಲೆಯನ್ನು ಒಮ್ಮೆಲೇ ತೆರಬೇಕಾದ ಆಟಗಳಲ್ಲಿ ಸಂಗ್ರಹ ಮಿತಿಗಿಂತ ಹೆಚ್ಚು ಬೆಲೆಯ ಯಾವುದನ್ನೂ ಕೊಳ್ಳಲಾಗದು. ಟ್ರಾವಿಯನ್‌ನಲ್ಲಿ ಬೆಲೆ ಮಿತಿ ಮೀರಿದ ಕಟ್ಟಡದ ಮುಂದೆ ಮೊದಲು ಉಗ್ರಾಣವನ್ನು ಏರಿಸಬೇಕೆಂಬ ಸೂಚನೆಯೇ ಕಾಣಿಸುತ್ತದೆ. ಇದರಿಂದ ಉಗ್ರಾಣ ಆಟದ ಬಾಗಿಲುಗಳಿಗೆ ಬೀಗದಂತೆ ಕೆಲಸ ಮಾಡುತ್ತದೆ: ಯಾವ ಕಟ್ಟಡ ಯಾವಾಗ ಕೈಗೆಟುಕಬೇಕು ಎಂಬ ಕ್ರಮವನ್ನು ವಿನ್ಯಾಸಕಾರ ಬೇರೆ ನಿಯಮವಿಲ್ಲದೆ ಮಿತಿಯಿಂದಲೇ ಹಿಡಿದಿಡಬಹುದು. ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ಪ್ರತಿ ಟೌನ್ ಹಾಲ್ ಹಂತದ ಅತಿ ದುಬಾರಿ ಏರಿಕೆಯ ಬೆಲೆ ಆ ಹಂತದ ಉಗ್ರಾಣಗಳ ಒಟ್ಟು ಮಿತಿಯೊಳಗೆ ಇರುವಂತೆ ಅಂಕಿಗಳನ್ನು ಹೊಂದಿಸಲಾಗಿದೆ. ಸಂಗ್ರಹವನ್ನು ಅಂಚಿನವರೆಗೆ ತುಂಬಿಸಿದರೆ ಮಾತ್ರ ಸಾಧ್ಯವಾಗುವ ಏರಿಕೆಗಳು ಕೊಳ್ಳೆಯ ಭಯವನ್ನೂ ಅಷ್ಟೇ ಹೆಚ್ಚಿಸುತ್ತವೆ.

ಕೊಳ್ಳೆ ಮತ್ತು ರಕ್ಷಣೆ

ಕೂಡಿಟ್ಟ ಸರಕು ಇನ್ನೊಬ್ಬರ ದಾಳಿಗೆ ಗುರಿ. ಓಗೇಮ್‌ನಲ್ಲಿ ಸಾಮಾನ್ಯವಾಗಿ ಗೆದ್ದವನು ಗ್ರಹದಲ್ಲಿದ್ದ ಸರಕಿನ ಅರ್ಧವನ್ನು, ಹಡಗುಗಳು ಹೊರುವಷ್ಟರ ಮಟ್ಟಿಗೆ, ಒಯ್ಯಬಹುದು. ಟ್ರೈಬಲ್ ವಾರ್ಸ್‌ನಲ್ಲಿ ಹಗೇವಿನಲ್ಲಿ ಇರುವಷ್ಟನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಅಲ್ಲಿನ ಹಗೇವು ಮೊದಲ ಹಂತದಲ್ಲಿ ಪ್ರತಿ ಸರಕಿನ 150ನ್ನು, ಕೊನೆಯ ಹತ್ತನೆಯದರಲ್ಲಿ 2,000ವನ್ನು ಕಾಯುತ್ತದೆ. ಚಿಕ್ಕ ಹಳ್ಳಿಗೆ ಇದು ನಿಜವಾದ ಆಸರೆ; ನಾಲ್ಕು ಲಕ್ಷದ ಉಗ್ರಾಣವಿರುವ ಹಳ್ಳಿಗೆ ನೂರರಲ್ಲಿ ಅರ್ಧ ಪಾಲು. ಟ್ರಾವಿಯನ್‌ನಲ್ಲಿ ಗಾಲ್ ಜನಾಂಗದ ಹಗೇವು ಉಳಿದವರದಕ್ಕಿಂತ ಹೆಚ್ಚು ಹಿಡಿಯುತ್ತದೆ, ಟ್ಯೂಟನ್ ದಾಳಿಕಾರರಿಗೆ ಹಗೇವಿನೊಳಗಿನ ಒಂದು ಪಾಲೂ ದಕ್ಕುತ್ತದೆ. ಜನಾಂಗಗಳ ಸ್ವಭಾವವನ್ನು ಸಂಗ್ರಹದ ನಿಯಮದಲ್ಲೇ ತೋರಿಸಿದ ಉದಾಹರಣೆ ಇದು.

ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ಸರಕು ಎಲ್ಲಿದೆ ಎಂಬುದರ ಮೇಲೆ ಕೊಳ್ಳೆಯ ಪಾಲು ನಿಂತಿದೆ. ಗಣಿ ಮತ್ತು ಎಲಿಕ್ಸಿರ್ ಯಂತ್ರಗಳಲ್ಲಿ ಎತ್ತದೆ ಬಿಟ್ಟದ್ದರಲ್ಲಿ ಅರ್ಧ ಹೋಗಬಹುದು. ಉಗ್ರಾಣದಲ್ಲಿದ್ದುದರಲ್ಲಿ ಅದಕ್ಕಿಂತ ಕಡಿಮೆ ಪಾಲು, ಅದಕ್ಕೂ ಒಂದು ಮೇಲ್ಮಿತಿ. ದಾಳಿಕಾರನ ಟೌನ್ ಹಾಲ್ ಎದುರಾಳಿಯದಕ್ಕಿಂತ ಮೇಲಿನ ಹಂತದ್ದಾದರೆ ಸಿಗುವುದು ಇನ್ನೂ ಇಳಿಯುತ್ತದೆ. ಆಟ ಬಿಟ್ಟುಹೋದವರ ಊರುಗಳಲ್ಲಿ ಗಣಿಗಳು ತುಂಬಿ ನಿಂತಿರುತ್ತವೆ, ಕಾಯುವವರಿಲ್ಲ. ಆಟಗಾರರ ಮಾತಿನಲ್ಲಿ ಇಂಥ ಊರು ‘ಡೆಡ್ ಬೇಸ್’. ಅದನ್ನು ಹುಡುಕಿ ದೋಚುವುದು ಪ್ರಚಲಿತವಾದ ಗಳಿಕೆಯ ದಾರಿ. ಉತ್ಪಾದಿಸಿದವನು ಬಳಸದ ಸರಕು ಹೀಗೆ ಇನ್ನೊಬ್ಬನ ಆಟದೊಳಗೆ ಹರಿಯುತ್ತದೆ.

ಹೆಚ್ಚುವರಿಯ ಬಳಕೆ

ಮಿತಿ ಸಮೀಪಿಸಿದಾಗ ಸರಕನ್ನು ಕೂಡಲೇ ನುಂಗುವ ದಾರಿಯೊಂದನ್ನು ಹೆಚ್ಚಿನ ಆಟಗಳು ಇಟ್ಟಿರುತ್ತವೆ. ಟ್ರೈಬಲ್ ವಾರ್ಸ್‌ನಲ್ಲಿ 28,000 ಮರ, 30,000 ಜೇಡಿ, 25,000 ಕಬ್ಬಿಣ ಕೊಟ್ಟು ಒಂದು ಚಿನ್ನದ ನಾಣ್ಯ ಟಂಕಿಸಬಹುದು. ಹಳ್ಳಿ ಗೆಲ್ಲುವ ಸರದಾರರನ್ನು ಪಡೆಯಲು ಈ ನಾಣ್ಯಗಳೇ ಬೇಕು. ನಾಣ್ಯಕ್ಕೆ ಉಗ್ರಾಣದ ಮಿತಿಯಿಲ್ಲ, ಅದು ಕೊಳ್ಳೆಗೂ ಸಿಗದು. ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ಕೋಟೆಗೋಡೆಗಳಿಗೆ ಈ ಪಾತ್ರ. ಉಳಿದ ಕಟ್ಟಡಗಳ ಏರಿಕೆಗೆ ಗಂಟೆಗಳೋ ದಿನಗಳೋ ಹಿಡಿದರೆ ಗೋಡೆಯ ತುಂಡು ತಕ್ಷಣ ಏರುತ್ತದೆ.

ಮಿತಿಯನ್ನು ಆಟಗಾರನೇ ಬೇಕೆಂದು ಹಾಕಿಕೊಳ್ಳುವ ಸಂದರ್ಭವೂ ಇದೆ. 2020ರಲ್ಲಿ ಪೂರ್ಣ ರೂಪದಲ್ಲಿ ಬಂದ ‘ಫ್ಯಾಕ್ಟೋರಿಯೋ’ ಕಾರ್ಖಾನೆ ಕಟ್ಟುವ ಆಟ. ಅದರಲ್ಲಿ ಮರದ ಪೆಟ್ಟಿಗೆಗೆ 16, ಕಬ್ಬಿಣದ್ದಕ್ಕೆ 32, ಉಕ್ಕಿನದಕ್ಕೆ 48 ಖಾನೆಗಳು. ಬೇಡದ ಖಾನೆಗಳನ್ನು ಮುಚ್ಚಿಟ್ಟರೆ ಪೆಟ್ಟಿಗೆ ಬೇಗ ತುಂಬಿ ಯಂತ್ರ ನಿಲ್ಲುತ್ತದೆ, ಕಚ್ಚಾ ಸರಕು ಬೇರೆಡೆಗೆ ಉಳಿಯುತ್ತದೆ.

ಇಂದಿನ ಸ್ಥಿತಿ

ಉಚಿತವಾಗಿ ಸಿಗುವ ಮೊಬೈಲ್ ಆಟಗಳಲ್ಲಿ ದರ ಮತ್ತು ಮಿತಿ ಆದಾಯದ ಮೂಲವೂ ಆಗಿವೆ. ಕ್ಲಾಷ್ ಆಫ್ ಕ್ಲಾನ್ಸ್‌ನ ‘ಜೆಮ್’ ಎಂಬ ಹರಳುಗಳನ್ನು ಹಣ ಕೊಟ್ಟು ಕೊಳ್ಳಬಹುದು. ಅವುಗಳಿಂದ ಕಾಯುವ ಸಮಯವನ್ನು ನೀಗಿಕೊಳ್ಳಬಹುದು, ಕೊರತೆಯ ಸರಕನ್ನು ತುಂಬಿಕೊಳ್ಳಬಹುದು, ಗಣಿಗಳ ದರವನ್ನು ಕೆಲವು ಕಾಲ ಇಮ್ಮಡಿಗೊಳಿಸಬಹುದು. ಹರಳುಗಳಿಗೆ ಮಾತ್ರ ಉಗ್ರಾಣ ಬೇಕಿಲ್ಲ, ಕೊಳ್ಳೆಯ ಭಯವೂ ಇಲ್ಲ.

ಇತ್ತೀಚಿನ ಬದಲಾವಣೆಗಳು ಕಾಯುವಿಕೆಯನ್ನು ಕಡಿಮೆ ಮಾಡುವ ದಿಕ್ಕಿನಲ್ಲಿವೆ. ಅದೇ ಆಟದಲ್ಲಿ ಮೊದಲು ಸೈನಿಕರ ತರಬೇತಿಗೆ ಎಲಿಕ್ಸಿರ್ ಖರ್ಚಾಗುತ್ತಿತ್ತು. 2022ರ ಜೂನ್‌ನಲ್ಲಿ ಆ ವೆಚ್ಚವನ್ನು ತೆಗೆಯಲಾಯಿತು. 2025ರ ಮಾರ್ಚ್‌ನಲ್ಲಿ ತರಬೇತಿಯ ಸಮಯವೂ ಹೋಯಿತು. ಗಣಿ, ಉಗ್ರಾಣಗಳು ಮತ್ತು ಅವುಗಳ ಮಿತಿ ಹಾಗೇ ಉಳಿದಿವೆ.

ಒಬ್ಬನೇ ಆಡುವ ಆಟಗಳಲ್ಲಿ ಸಂಗ್ರಹ ಮಿತಿ ಬದುಕುಳಿಯುವ ಕಥನದ ಭಾಗವಾಗಿದೆ. ಪೋಲೆಂಡಿನ ವಾರ್ಸಾದ 11 ಬಿಟ್ ಸ್ಟುಡಿಯೋಸ್ 2018ರಲ್ಲಿ ತಂದ ‘ಫ್ರಾಸ್ಟ್‌ಪಂಕ್’ನಲ್ಲಿ ಹಿಮ ಕವಿದ ಲೋಕದ ಕೊನೆಯ ನಗರವೊಂದು ಕಲ್ಲಿದ್ದಲ ಉಷ್ಣಯಂತ್ರದ ಸುತ್ತ ಬದುಕುತ್ತದೆ. ಕಲ್ಲಿದ್ದಲು, ಮರ, ಉಕ್ಕು, ಆಹಾರಕ್ಕೆ ಬೇರೆ ಬೇರೆ ಮಿತಿಗಳಿದ್ದು, ದಾಸ್ತಾನು ಕೇಂದ್ರಗಳನ್ನು ಕಟ್ಟಿದಂತೆ ಅವು ಏರುತ್ತವೆ. ಕೊನೆಯ ಮಹಾಚಳಿಗೆ ಮುಂಚೆ ಎಷ್ಟು ಕಲ್ಲಿದ್ದಲು ಕೂಡಿಡಲು ಜಾಗ ಮಾಡಿಕೊಳ್ಳಲಾಯಿತು ಎಂಬುದರ ಮೇಲೆ ನಗರದ ಉಳಿವು ನಿಂತಿರುತ್ತದೆ.